‘ಮರುಪಾವತಿ’ ಅಂದರೆ ಕಟ್ಟೋದೋ, ಬರೋದೋ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ಮೈಸೂರಿನಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರು ಫೋನಿಗೆ ಯಾವುದೋ ಯೋಗದ ಆ್ಯಪ್ ಹಾಕಿಕೊಂಡಿದ್ದರು. ಏಳು ದಿನ ಪುಕ್ಕಟೆ ಅಂತಿತ್ತಂತೆ. ಎರಡು ದಿನ ನೋಡಿ, ಹಿಡಿಸದೆ, ಆ್ಯಪನ್ನೇ ಅಳಿಸಿಹಾಕಿದರು. ಎಂಟನೇ ದಿನ 1,499 ರೂಪಾಯಿ ಕಟ್ ಆಗಿದೆ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ, ಅದನ್ನು ಬೇರೆಯಾಗಿ ರದ್ದು ಮಾಡಬೇಕು ಅನ್ನೋದು ಅವರಿಗೆ ಗೊತ್ತಿರಲಿಲ್ಲ.

ದುಡ್ಡು ವಾಪಸ್ ಕೇಳೋಣ ಅಂತ ಇಬ್ಬರೂ ಕೂತೆವು. ಅವರ ಫೋನು ಕನ್ನಡದಲ್ಲೇ ಇದೆ. ‘ಮರುಪಾವತಿಗೆ ವಿನಂತಿ’ ಅಂತ ಬಂತು. ದೊಡ್ಡಮ್ಮ ತಟ್ಟನೆ ಬೆರಳು ಹಿಂದಕ್ಕೆ ತಗೊಂಡರು. “ಬೇಡ ಕಣೋ, ಹೋಗಿರೋದೇ ಸಾಕು. ಮತ್ತೆ ಕಟ್ಟು ಅಂತಿದೆ.”

ಅವರು ಓದಿಕೊಂಡದ್ದು ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ. ಸಹಕಾರ ಸಂಘದಿಂದ ಬೆಳೆ ಸಾಲ ತೆಗೆದ ಮನೆ ಅದು. ‘ಸಾಲ ಮರುಪಾವತಿ’ ಅಂದರೆ ನಾವು ಕಟ್ಟೋದು. ಆದರೆ ‘ಆದಾಯ ತೆರಿಗೆ ಮರುಪಾವತಿ’ ಅಂದರೆ ನಮಗೆ ಬರೋದು. ಒಂದೇ ಪದ, ದುಡ್ಡು ಹರಿಯೋ ದಿಕ್ಕು ಮಾತ್ರ ತಿರುಗುಮುರುಗು. ‘ಮರು’ ಕೂಡ ಹಾಗೇ. ಮರುಮದುವೆ, ಮರುಎಣಿಕೆಯಲ್ಲಿ ಅದು ‘ಇನ್ನೊಂದು ಸಲ’. ಮಾರುತ್ತರ, ಮಾರ್ದನಿಯಲ್ಲಿ ‘ತಿರುಗಿ ಬರುವ’. ಇನ್ನು ಪಾವತಿ. ಮರಾಠಿಯಲ್ಲಿ ಪಾವತಿ ಅಂದರೆ ರಸೀದಿ, ದುಡ್ಡು ತಗೊಂಡವನು ಬರೆದುಕೊಡೋ ಚೀಟಿ. ನಮ್ಮಲ್ಲಿ ಅದು ಕೊಡುವವನ ಕಡೆ ವಾಲಿದೆ.

ಇಲ್ಲಿ ಗೊಂದಲವಾದರೆ ನಷ್ಟವೂ ಆಗುತ್ತದೆ. ಗೂಗಲ್ ಪ್ಲೇನಲ್ಲಿ ಕೊಂಡ 48 ಗಂಟೆಯೊಳಗೆ ಅಲ್ಲೇ ಕೇಳಬಹುದು. ಆಮೇಲಾದರೆ ಸಾಮಾನ್ಯವಾಗಿ ಆ್ಯಪ್ ಮಾಡಿದವರನ್ನೇ ಹಿಡಿಯಬೇಕು. ಪದ ನೋಡಿ ಹೆದರಿ ಎರಡು ದಿನ ಸುಮ್ನೆ ಕೂತರೆ ಕಷ್ಟ. ‘ಹಣ ವಾಪಸ್ ಕೇಳಿ’ ಅಂತ ಇದ್ದಿದ್ದರೆ ದೊಡ್ಡಮ್ಮ ನನ್ನನ್ನು ಕಾಯುತ್ತಲೇ ಇರಲಿಲ್ಲ.

ನನ್ನ ಎರಡನೇ ತಕರಾರು ‘ಚಂದಾ’ ಮೇಲೆ. ಮಾಸಪತ್ರಿಕೆಯ ಚಂದಾ ವರ್ಷ ತುಂಬಿದರೆ ಮುಗಿಯಿತು. ನಾವು ಮತ್ತೆ ಕಳಿಸದಿದ್ದರೆ ಪತ್ರಿಕೆ ಬರುವುದಿಲ್ಲ. ಆ್ಯಪಿನದು ತದ್ವಿರುದ್ಧ. ಬೇಡ ಅನ್ನೋವರೆಗೂ ನಡೆಯುತ್ತಲೇ ಇರುತ್ತದೆ. ಇದಕ್ಕೆ ಸರಿಯಾದ ಪದ ನಮ್ಮ ಕಡೆ ಇದೆ: ವರ್ತನೆ. ವರ್ತನೆ ಹಾಲು, ವರ್ತನೆ ಹೂವು. ಊರಿಗೆ ಹೊರಟರೆ ಹಾಲಿನವನಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಬಾಗಿಲಲ್ಲಿ ಹಾಲು, ತಿಂಗಳ ಕೊನೆಗೆ ಲೆಕ್ಕ. ದೊಡ್ಡಮ್ಮನಿಗೆ “ಇದು ವರ್ತನೆ ಥರ, ನೀವು ಬಿಡಿಸಬೇಕಿತ್ತು” ಅಂದೆ. ಕೂಡಲೇ ಅರ್ಥವಾಯಿತು. ಬರವಣಿಗೆಯಲ್ಲಿ ‘ವರ್ತನೆ’ ಅಂದರೆ ನಡವಳಿಕೆ ಅಂತಲೇ ಜಾಸ್ತಿ ಜನ ಓದುತ್ತಾರೆ, ಅದೊಂದು ತೊಡಕು.

ಕಾರ್ಡಿನಿಂದ ಹೀಗೆ ತಾನಾಗಿ ದುಡ್ಡು ಹೋಗುವ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಅನ್ನೋ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಪೂರ್ತಿ ಜಾರಿಯಲ್ಲಿದೆ. ದೊಡ್ಡಮ್ಮನಿಗೂ ಮೆಸೇಜ್ ಬಂದಿತ್ತು. ಇಂಗ್ಲಿಷಿನಲ್ಲಿ, ‘ಮ್ಯಾಂಡೇಟ್’ ಅಂತ. ಪೇಪರಿನವರು ಆ ಪದಕ್ಕೆ ‘ಜನಾದೇಶ’ ಅಂತ ಬರೆಯುತ್ತಾರೆ. ಇಲ್ಲಿ ‘ಕಡಿತಕ್ಕೆ ಒಪ್ಪಿಗೆ’ ಅಂದರೆ ಸಾಕಲ್ವಾ?

ಗೊತ್ತಾಗದೆ ಒತ್ತಿ ಕೊಂಡುಬಿಟ್ಟದ್ದಕ್ಕೂ ಒಂದು ಪದ ಬೇಕು. ‘ಕೈತಪ್ಪಿದ ಖರೀದಿ’ ಅಂದರೆ ಸಿಗದೇ ಹೋದದ್ದು ಅಂತಾಗುತ್ತದೆ. ‘ಬೆರಳು ತಪ್ಪಿ ಕೊಂಡದ್ದು’ ನನಗೆ ಒಪ್ಪುತ್ತದೆ.

ಹಾಲು ಹಾಕಿಸಿಕೊಳ್ಳೋ ಈ ಏರ್ಪಾಟಿಗೆ ನಿಮ್ಮ ಕಡೆ ಏನಂತಾರೆ? ಮರಾಠಿಯಲ್ಲಿ ‘ರತೀಬ್’ ಇದೆ. ಬೆಳಗಾವಿ, ಧಾರವಾಡದ ಮನೆಗಳಲ್ಲೂ ಅದೇನಾ? ಮಂಗಳೂರು ಕಡೆಯವರು? ಮತ್ತೆ, ಕೊಟ್ಟ ದುಡ್ಡು ತಿರುಗಿ ಬರೋದಕ್ಕೆ ‘ವಾಪಸ್’ ಬಿಟ್ಟು ಮನೆಮಾತಿನ ಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.