ಯುದ್ಧ ಮುಗಿದ್ಮೇಲೆ ಎಚ್‌ಎಎಲ್ ಉಳ್ಕೊಂಡಿದ್ದು ಹೇಗೆ?

ಓಲ್ಡ್‌ಏರ್‌ಪೋರ್ಟ್‌ರೋಡ್: ದಿನಾ ಬಸ್ಸಲ್ಲಿ ಹೋಗ್ತಾ ನೋಡ್ತೀನಿ, ಎಚ್‌ಎಎಲ್ ವಿಮಾನ ಫ್ಯಾಕ್ಟರಿ ಕಾಂಪೌಂಡ್ ಮುಗಿಯೋದೇ ಇಲ್ಲ. 1940ರಲ್ಲಿ ಶುರುವಾಗಿದ್ದು ಅಂತ ಗೊತ್ತು. ಆದ್ರೆ 1945ಕ್ಕೆ ಎರಡನೇ ಮಹಾಯುದ್ಧ ಮುಗೀತಲ್ಲ, ಆಮೇಲೆ ಅಷ್ಟು ಜನಕ್ಕೆ ಏನ್ ಕೆಲ್ಸ ಇತ್ತು? ಗೊತ್ತಿರೋರು ಹೇಳಿ.

ಕೆರೆದಂಡೆ: ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಾಕಿದ ಫ್ಯಾಕ್ಟರಿ ಅದು, ಮಿರ್ಜಾ ಇಸ್ಮಾಯಿಲ್ ಸಾಹೇಬ್ರು ದಿವಾನರಾಗಿದ್ದಾಗ. 1941ರಲ್ಲೇ ಹಾರ್ಲೋ ಅನ್ನೋ ತರಬೇತಿ ವಿಮಾನ ಹಾರಿಸಿದ್ರು. 1942ರಲ್ಲಿ ಬ್ರಿಟಿಷ್ ಸರ್ಕಾರ ವಹಿಸ್ಕೊಂಡ್ಮೇಲೆ ಹೊಸ ವಿಮಾನ ಕಟ್ಟೋದು ಹಿಂದೆ ಬಿತ್ತು, ರಿಪೇರಿ ಓವರ್‌ಹಾಲೇ ಮುಖ್ಯ ಆಯ್ತು. ಕ್ಯಾಟಲಿನಾ ಅಂತ ನೀರಿನ ಮೇಲೆ ಇಳಿಯೋ ವಿಮಾನಗಳು ರಿಪೇರಿಗೆ ಬರ್ತಿದ್ವು, ಇಳೀತಿದ್ದಿದ್ದು ನಮ್ ಬೆಳ್ಳಂದೂರು ಕೆರೇಲಿ! ಈಗ ನೊರೆ ನೋಡಿ ಹೊಟ್ಟೆ ಉರಿಯುತ್ತೆ.

ವರ್ತೂರ್‌ಮೊಮ್ಮಗ: ನಿಮ್ ಪ್ರಶ್ನೆಗೆ ನಮ್ ತಾತನೇ ಉತ್ತರ. ಯುದ್ಧ ಮುಗಿದ್ಮೇಲೆ ಅಲ್ಲಿ ರೈಲ್ವೆ ಬೋಗಿ, ಬಸ್ ಬಾಡಿ ಮಾಡೋಕೆ ಶುರು ಮಾಡಿದ್ರು, ತಾತ ಬೋಗಿ ಶಾಪಲ್ಲಿದ್ರು. ವಿಮಾನ ಬಿಟ್ಟು ಬೋಗಿನಾ ಅಂತ ಬೇಜಾರಾಗ್ಲಿಲ್ವಾ ಅಂತ ಕೇಳಿದ್ರೆ, ತಗಡು ಬಗ್ಗಿಸೋ ಕೈ ಸುಮ್ನೆ ಕೂತ್ರೆ ಕೆಟ್ಟೋಗುತ್ತೆ ಕಣೋ ಅಂತಿದ್ರು. ಆಮೇಲೆ ಎಚ್‌ಟಿ-2 ಅನ್ನೋ ತರಬೇತಿ ವಿಮಾನ ಬಂತಲ್ಲ, ಎಚ್‌ಎಎಲ್ ಎಂಜಿನಿಯರ್ ಘಾಟಗೆ ಅವರ ಡಿಸೈನು, 1951ರಲ್ಲಿ ಹಾರಿದ್ದು, ಆಗ ತಾತನ್ನ ರಿವೆಟ್, ಅಂದ್ರೆ ತಗಡು ಜೋಡಿಸೋ ಮೊಳೆ, ಹೊಡಿಯೋಕೆ ಹಾಕಿದ್ರು. ಹೊರಗಡೆ ಒಬ್ರು ರಿವೆಟ್ ಗನ್ ಹಿಡ್ಕೊಂಡು ಹೊಡಿಬೇಕು, ಒಳಗಡೆ ಇನ್ನೊಬ್ರು ಕಬ್ಬಿಣದ ಗಟ್ಟಿ ಒತ್ತಿ ಹಿಡೀಬೇಕು, ಒಬ್ರ ಮುಖ ಒಬ್ರಿಗೆ ಕಾಣಲ್ಲ, ಸದ್ದಲ್ಲಿ ಮಾತೂ ಕೇಳಲ್ಲ. ಅದಕ್ಕೆ ಒಳಗಿರೋರು ತಗಡಿನ ಮೇಲೆ ಎರಡು ಸಲ ತಟ್ಟಿದ್ರೆ ಸರಿಯಾಗಿದೆ, ಒಂದೇ ಸಲ ತಟ್ಟಿದ್ರೆ ಇನ್ನೊಂದೇಟು ಅಂತ ಅರ್ಥ. ರಿಟೈರ್ ಆದ್ಮೇಲೂ ಕಾಫಿ ಚೆನ್ನಾಗಿದ್ರೆ ಟೇಬಲ್ ಮೇಲೆ ಎರಡು ಸಲ ತಟ್ಟೋರು.

ತೇಜಸ್‌ಪ್ರೇಮಿ: ಸೂಪರ್ ಸರ್. ಆ ಕೈಗಳಿಂದಾನೇ 1961ರಲ್ಲಿ ಮಾರುತ್ ಹಾರಿದ್ದು, ಎಚ್‌ಟಿ-2 ಹಾರಿ ಬರೀ ಹತ್ತು ವರ್ಷಕ್ಕೆ ಜೆಟ್ ಫೈಟರ್! ಎಂಜಿನ್ ಶಕ್ತಿ ಸಾಲ್ಲಿಲ್ಲ ನಿಜ, ಆದ್ರೂ ಅದನ್ನ ಫೇಲ್ಯೂರ್ ಅನ್ನೋದು ನಾನು ಒಪ್ಪಲ್ಲ. 1964ರಲ್ಲಿ ಬೇರೆ ಕಂಪ್ನಿ ಸೇರಿಸಿ ಹಿಂದೂಸ್ತಾನ್ ಏರೋನಾಟಿಕ್ಸ್ ಅಂತ ಹೆಸರಿಟ್ರು, ರಷ್ಯಾದ ಮಿಗ್ ಫೈಟರ್ ಕಟ್ಟೋ ಕೆಲ್ಸ ನಾಸಿಕ್‌ಗೆ ಹೋಯ್ತು. 2023ರಲ್ಲಿ ಗುಬ್ಬಿ ಹತ್ರ 615 ಎಕರೆಲಿ ಹೆಲಿಕಾಪ್ಟರ್ ಫ್ಯಾಕ್ಟರಿನೂ ಓಪನ್ ಆಯ್ತು.

ಓಲ್ಡ್‌ಏರ್‌ಪೋರ್ಟ್‌ರೋಡ್: ರೈಲ್ವೆ ಬೋಗಿ ಅಂತ ಅಂದ್ಕೊಂಡೇ ಇರ್ಲಿಲ್ಲ! ವರ್ತೂರ್‌ಮೊಮ್ಮಗ ಅವ್ರೇ, ತಾತ ಇನ್ನೇನೇನ್ ಹೇಳ್ತಿದ್ರು, ದಯವಿಟ್ಟು ಬರೀರಿ.