ಯುಕೆ ನರ್ಸ್ ಕೆಲಸಕ್ಕೆ ಏಜೆಂಟ್ ಆರು ಲಕ್ಷ ಕೇಳುತ್ತಿದ್ದಾರೆ, ಕೊಡಬಹುದಾ?

ಪ್ರಶ್ನೆ: ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಆಗಿದೆ. ಒಂದು ವರ್ಷ ಕೊಪ್ಪಳದಲ್ಲಿ, ಆಮೇಲೆ ಮೂರು ವರ್ಷದಿಂದ ಇಲ್ಲೇ ಗಂಗಾವತಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಕೈಗೆ ಸಿಗುವುದು ಹದಿನಾಲ್ಕು ಸಾವಿರ. ಬಳ್ಳಾರಿಯ ಏಜೆಂಟ್ ಒಬ್ಬರು ಯುಕೆ ವೀಸಾ ಮಾಡಿಸಿಕೊಡುತ್ತೇನೆ ಅಂತಿದ್ದಾರೆ. ಒಟ್ಟು ಆರು ಲಕ್ಷ. ಎರಡು ಲಕ್ಷ ಅಡ್ವಾನ್ಸ್, ಜೊತೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಈಗಲೇ ಕೊಡಬೇಕಂತೆ. ಇಂಗ್ಲಿಷ್ ಪರೀಕ್ಷೆ ಬೇಡ, ಎಲ್ಲಾ ನಾವೇ ನೋಡ್ಕೋತೀವಿ ಅಂತಾರೆ. ಅಪ್ಪ ಎರಡು ಎಕರೆ ಗದ್ದೆ ಅಡ ಇಡಲು ರೆಡಿ ಇದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಹೊರದೇಶಕ್ಕೆ ಹೋದವರು ಯಾರಾದರೂ ದಾರಿ ಹೇಳಿ.

ರಾಯಚೂರಿನವಳು, ಈಗ ಇಂಗ್ಲೆಂಡ್‌ನಲ್ಲಿ

ತಂಗಿ, ಮೊದಲು ಅಪ್ಪನಿಗೆ ಫೋನ್ ಮಾಡಿ ಗದ್ದೆ ಅಡ ಇಡಬೇಡಿ ಅಂತ ಹೇಳು. ಮಿಕ್ಕಿದ್ದನ್ನು ಆಮೇಲೆ ಓದು.

ಇಂಗ್ಲಿಷ್ ಪರೀಕ್ಷೆ ಬೇಡ ಅಂದ ಒಂದೇ ಮಾತಿನಲ್ಲಿ ಆ ಮನುಷ್ಯ ಸಿಕ್ಕಿಬಿದ್ದಿದ್ದಾರೆ. ಯುಕೆಯಲ್ಲಿ ನರ್ಸ್ ಆಗಬೇಕಾದರೆ ಎನ್‌ಎಂಸಿ, ಅಂದರೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಬೇಕು. ನಮ್ಮ ದೇಶದಿಂದ ಬರುವ ನಮ್ಮಂಥವರು ಅದಕ್ಕೆ ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಅಥವಾ ಒಇಟಿ ಅನ್ನುವ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಬರೆಯಲೇಬೇಕು. ಐಇಎಲ್‌ಟಿಎಸ್ ಆದರೆ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5, ಒಟ್ಟಾರೆ 7. ಒಇಟಿ ಆದರೆ ಮೂರರಲ್ಲಿ ಬಿ ಗ್ರೇಡ್, ಬರವಣಿಗೆಯಲ್ಲಿ ಸಿ ಪ್ಲಸ್. ಇದಕ್ಕೆ ಅಡ್ಡದಾರಿ ಇಲ್ಲ. ಪರೀಕ್ಷೆ ಇಲ್ಲದೆ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಿದ್ದವರು ಹೆಚ್ಚಾಗಿ ಕೇರ್ ವರ್ಕರ್ ವೀಸಾ ಕೊಡಿಸುತ್ತಿದ್ದರು. ಅದು ನರ್ಸ್ ಕೆಲಸ ಅಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಆ ದಾರಿಯೂ ಹೊರದೇಶದಿಂದ ಬರುವವರಿಗೆ 2025ರ ಜುಲೈ 22ಕ್ಕೆ ಮುಚ್ಚಿತು. ಹಾಗಾದರೆ ಆರು ಲಕ್ಷಕ್ಕೆ ಅವರು ಯಾವ ವೀಸಾ ಕೊಡಿಸುತ್ತಾರೆ? ಇದನ್ನೇ ಅವರ ಮುಂದೆ ಕೂತು ಕೇಳು.

ನನ್ನ ದಾರಿ ಹೇಳುತ್ತೇನೆ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಐಇಎಲ್‌ಟಿಎಸ್ ಎರಡು ಸಲ ಬರೆದೆ, ಬರವಣಿಗೆಯಲ್ಲೇ ಬಿದ್ದೆ. ನಗರಗಳ ಟ್ರಾಫಿಕ್ ಬಗ್ಗೆ ಪ್ರಬಂಧ ಬರೆ ಅಂದರೆ ನನಗೆ ಏನು ಗೊತ್ತು? ಆಮೇಲೆ ಒಇಟಿಗೆ ಬಂದೆ. ಅಲ್ಲಿ ಪೇಷಂಟ್ ಕೇಸ್ ನೋಟ್ಸ್ ಕೊಟ್ಟು ಡಿಸ್ಚಾರ್ಜ್ ಲೆಟರ್ ಅಥವಾ ರೆಫರಲ್ ಲೆಟರ್ ಬರೆಸುತ್ತಾರೆ. ಮಾತಿನ ಪರೀಕ್ಷೆಯಲ್ಲಿ ಎದುರಿಗಿರುವವರು ಪೇಷಂಟ್, ನೀನು ನರ್ಸ್. ಇದು ನಾವು ದಿನಾ ಮಾಡುವ ಕೆಲಸ ಅಲ್ವಾ? ನೈಟ್ ಡ್ಯೂಟಿಯಲ್ಲಿ ವಾರ್ಡ್ ತಣ್ಣಗಾದ ಮೇಲೆ ನಮ್ಮದೇ ಪೇಷಂಟ್‌ಗಳ ವಿಷಯ ಹೆಸರು ಬಿಟ್ಟು ಇಂಗ್ಲಿಷಿನಲ್ಲಿ ಪತ್ರ ಮಾಡಿ ಬರೆಯುತ್ತಿದ್ದೆ. ಎಪ್ಪತ್ತು ಎಂಬತ್ತು ಪತ್ರ ಬರೆದಿರಬಹುದು. ಫೀಸ್ ಐಇಎಲ್‌ಟಿಎಸ್‌ಗಿಂತ ಜಾಸ್ತಿ, ಆದರೂ ಕನ್ನಡ ಮೀಡಿಯಂನವರಿಗೆ ಒಇಟಿಯೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಂಗ್ಲಿಷ್ ಆದ ಮೇಲೆ ಸಿಬಿಟಿ. ಕಂಪ್ಯೂಟರ್ ಪರೀಕ್ಷೆ, ಬೆಂಗಳೂರಿನಲ್ಲೇ ಬರೆಯಬಹುದು. ಔಷಧಿ ಲೆಕ್ಕದ 15 ಪ್ರಶ್ನೆ, ನರ್ಸಿಂಗ್‌ನ 100 ಪ್ರಶ್ನೆ. ಇದಕ್ಕೆ 83 ಪೌಂಡ್, ನಮ್ಮ ಓದನ್ನು ಎನ್‌ಎಂಸಿ ಪರಿಶೀಲಿಸುವುದಕ್ಕೆ 140 ಪೌಂಡ್. ಎರಡೂ ಸೇರಿ 25 ಸಾವಿರದ ಆಸುಪಾಸು. ಊರಲ್ಲಿದ್ದುಕೊಂಡೇ ಕೆಲಸ ಹುಡುಕಿ, ಆಸ್ಪತ್ರೆಯವರು ಆನ್‌ಲೈನ್ ಇಂಟರ್‌ವ್ಯೂ ಮಾಡಿ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಟ್ಟರೆ ಆಗ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ. ಅದಕ್ಕೆ ಟಿಬಿ ಪರೀಕ್ಷೆ, ಪೊಲೀಸ್ ಕ್ಲಿಯರೆನ್ಸ್ ಬೇಕು. ಈ ವೀಸಾದವರಿಗೆ ಯುಕೆಯ ಹೆಲ್ತ್ ಸರ್‌ಚಾರ್ಜ್, ಅಂದರೆ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕ ಇಲ್ಲ. ಯುಕೆಗೆ ನರ್ಸ್ ಕಳಿಸುವ ಏಜೆನ್ಸಿ ಅಭ್ಯರ್ಥಿಯಿಂದ ಕೆಲಸ ಕೊಡಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಬಾರದು ಅಂತ ಅಲ್ಲಿನ ಸರ್ಕಾರದ ನೇಮಕಾತಿ ಸಂಹಿತೆಯೇ ಹೇಳುತ್ತದೆ. ನನ್ನ ಟಿಕೆಟ್, ವೀಸಾ, ಕೊನೆಯ ಪರೀಕ್ಷೆ ಮೂರನ್ನೂ ಆಸ್ಪತ್ರೆ ಕೊಟ್ಟಿತು. ಆದರೆ ಬೇಗ ಕೆಲಸ ಬಿಟ್ಟರೆ ಅದನ್ನು ವಾಪಸ್ ಕೊಡಬೇಕು ಅಂತ ಕರಾರಿನಲ್ಲಿ ಇರುತ್ತದೆ. ಆ ಪುಟ ಓದಿ ಸಹಿ ಮಾಡು.

ಕೊನೆಯ ಪರೀಕ್ಷೆ ಓಸ್ಕಿ, ಅಂದರೆ ನರ್ಸ್ ಕೆಲಸ ಮಾಡಿ ತೋರಿಸುವ ಪ್ರಾಕ್ಟಿಕಲ್. ಯುಕೆಗೆ ಬಂದ ಮೇಲೆ ಕೊಡುವುದು, ಹತ್ತು ಸ್ಟೇಷನ್, ಒಂದೊಂದರಲ್ಲಿ ಒಂದೊಂದು ಕೆಲಸ, ಫೀಸ್ 794 ಪೌಂಡ್. ನಾನು ಮೊದಲ ಸಲ ಮಾತ್ರೆ ಕೊಡುವ ಸ್ಟೇಷನ್‌ನಲ್ಲಿ ಫೇಲ್ ಆದೆ. ಡೋಸ್ ಸರಿ, ಟೈಮ್ ಸರಿ, ಕೈ ತೊಳೆದದ್ದೂ ಸರಿ. ಆದರೆ ಕೈಗೆ ಕಟ್ಟಿದ ಪಟ್ಟಿ ನೋಡಿ ಹೆಸರು, ಹುಟ್ಟಿದ ದಿನ ಕೇಳಲಿಲ್ಲ. ಅಲರ್ಜಿ ಇದೆಯಾ ಅಂತಲೂ ಕೇಳಲಿಲ್ಲ. ನಮ್ಮ ಊರ ಕಡೆ ನಲವತ್ತು ಬೆಡ್‌ಗೆ ಇಬ್ಬರಿದ್ದಾಗ ಬೆಡ್ ನಂಬರ್ ಕೂಗಿ ಕೊಟ್ಟು ರೂಢಿ. ಕೈ ತಾನೇ ಮುಂದೆ ಹೋಯಿತು, ಬಾಯಿ ಹೋಗಲಿಲ್ಲ. ಒಂದು ಅರ್ಜಿಗೆ ಮೂರೇ ಅವಕಾಶ. ಬಿದ್ದ ಸ್ಟೇಷನ್ ಮಾತ್ರ ಮತ್ತೆ ಮಾಡಿ ಪಾಸಾದೆ. ನೀನು ಈಗಿನಿಂದಲೇ ಗಂಗಾವತಿಯ ವಾರ್ಡ್‌ನಲ್ಲಿ ಪ್ರತಿ ಮಾತ್ರೆಗೂ ಹೆಸರು, ಅಲರ್ಜಿ ಕೇಳುವ ಅಭ್ಯಾಸ ಮಾಡು. ಆ ಪೇಷಂಟ್‌ಗೂ ಅದು ಒಳ್ಳೆಯದೇ.

ಇನ್ನೊಂದು ಮಾತು ಮುಚ್ಚಿಡಬಾರದು. ನಾನು ಬಂದ ಕಾಲದಷ್ಟು ಕೆಲಸ ಈಗ ಯುಕೆಯಲ್ಲಿ ಖಾಲಿ ಇಲ್ಲ. ಹೊರಗಿನವರನ್ನು ತೆಗೆದುಕೊಳ್ಳುವುದು ಬಹಳ ಕಡಿಮೆ ಆಗಿದೆ. ಐರ್ಲೆಂಡ್ ಕಡೆಗೂ ನೋಡು. ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಬಿಐ ನಮ್ಮ ಪೇಪರ್ ನೋಡಿ ಡಿಸಿಷನ್ ಲೆಟರ್ ಕೊಡುತ್ತದೆ. ಆಮೇಲೆ ಆಪ್ಟಿಟ್ಯೂಡ್ ಟೆಸ್ಟ್ ಅಥವಾ ಆಸ್ಪತ್ರೆಯಲ್ಲಿ ಅಡಾಪ್ಟೇಷನ್, ಅಂದರೆ ಅವರ ಕಣ್ಣೆದುರು ಕೆಲಸ ಮಾಡಿ ತೋರಿಸುವ ಅವಧಿ. ನರ್ಸ್‌ಗಳಿಗೆ ಕ್ರಿಟಿಕಲ್ ಸ್ಕಿಲ್ಸ್ ಅನ್ನುವ ಕೆಲಸದ ಪರ್ಮಿಟ್ ಸಿಗುತ್ತದೆ. ಅದೇ ಒಇಟಿ ಅಲ್ಲಿಗೂ ನಡೆಯುತ್ತದೆ. ಆದರೆ ಸ್ಕೋರ್‌ಗೆ ಎರಡೇ ವರ್ಷ ಆಯಸ್ಸು, ಆದ್ದರಿಂದ ಬೇರೆ ಪೇಪರ್ ರೆಡಿ ಆಗದೆ ಮೊದಲೇ ಬರೆದಿಟ್ಟುಕೊಳ್ಳಬೇಡ.

ಸಿಂಧನೂರಿನಿಂದ, ದುಬೈನಲ್ಲಿ ಕೆಲಸ ಮಾಡಿ ವಾಪಸ್ ಬಂದವಳು

ಮೇಲಿನ ಅಕ್ಕ ಹೇಳಿದ್ದು ಸರಿ. ನಾನು ಗಲ್ಫ್ ವಿಷಯ ಹೇಳುತ್ತೇನೆ, ಯಾಕಂದರೆ ನಮ್ಮ ಕಡೆಯಿಂದ ಜಾಸ್ತಿ ಜನ ಹೋಗುವುದು ಅಲ್ಲಿಗೇ.

ನರ್ಸ್ ಲೈಸೆನ್ಸ್ ಕೊಡುವವರು ಒಂದೊಂದು ಕಡೆ ಒಬ್ಬೊಬ್ಬರು: ದುಬೈಗೆ ಡಿಎಚ್‌ಎ, ಅಬುಧಾಬಿಗೆ ಡಿಒಎಚ್, ಉಳಿದ ಎಮಿರೇಟ್‌ಗಳಿಗೆ ಎಂಒಎಚ್‌ಎಪಿ, ಸೌದಿಗೆ ಸೌದಿ ಕಮಿಷನ್. ಹೆಸರು ಬೇರೆ ಬೇರೆ, ದಾರಿ ಹೆಚ್ಚುಕಡಿಮೆ ಒಂದೇ: ಡೇಟಾಫ್ಲೋ ಅನ್ನುವ ಕಂಪನಿಯಿಂದ ದಾಖಲೆ ಪರಿಶೀಲನೆ ಮತ್ತು ಕಂಪ್ಯೂಟರ್ ಪರೀಕ್ಷೆ. ಪರೀಕ್ಷೆಗೆ ಎಲ್ಲರೂ ಓದುತ್ತಾರೆ. ಮುಗ್ಗರಿಸುವುದು ಡೇಟಾಫ್ಲೋದಲ್ಲಿ. ಅವರು ನಮ್ಮ ಸರ್ಟಿಫಿಕೇಟ್ ನೋಡಿ ಸುಮ್ನೆ ನಂಬುವುದಿಲ್ಲ. ಕಾಲೇಜು, ನರ್ಸಿಂಗ್ ಕೌನ್ಸಿಲ್, ಕೆಲಸ ಮಾಡಿದ ಆಸ್ಪತ್ರೆ, ಎಲ್ಲರಿಗೂ ನೇರವಾಗಿ ಕೇಳಿ ಇದು ನಿಜವಾ ಅಂತ ತಿಳಿದುಕೊಳ್ಳುತ್ತಾರೆ.

ನನ್ನ ಕಥೆ ಕೇಳಿ. ರಾಯಚೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಎರಡೂವರೆ ವರ್ಷ ದುಡಿದಿದ್ದೆ. ಲೆಟರ್‌ಹೆಡ್‌ನಲ್ಲಿದ್ದ ಇಮೇಲ್ ಯಾರೋ ಹಳೆಯ ಮ್ಯಾನೇಜರ್ ಮಾಡಿಸಿದ್ದು. ಅವರು ಬಿಟ್ಟು ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಡೇಟಾಫ್ಲೋದ ಮೇಲ್ ಅಲ್ಲಿಗೆ ಹೋಗಿ ಬಿದ್ದಿತ್ತು. ಯಾರೂ ತೆರೆದಿಲ್ಲ. ಫೋನ್ ಮಾಡಿದರೆ ರಿಸೆಪ್ಷನ್ ಹುಡುಗ ಹಿಂದಿ ಅರ್ಥ ಆಗದೆ ಕಟ್ ಮಾಡಿದ್ದ. ವೆರಿಫೈ ಮಾಡಲು ಆಗಲಿಲ್ಲ ಅಂತ ರಿಪೋರ್ಟ್ ಬಂತು. ಎರಡೂವರೆ ವರ್ಷದ ದುಡಿತ ಕಾಗದದ ಮೇಲೆ ಇಲ್ಲವೇ ಇಲ್ಲ! ಸಿಂಧನೂರಿನಿಂದ ಬಸ್ ಹತ್ತಿ ಹೋಗಿ, ಡಾಕ್ಟರ್ ಒಪಿಡಿ ಮುಗಿಸುವವರೆಗೆ ಹೊರಗೆ ಕೂತೆ. ಹೊಸ ಇಮೇಲ್ ಹಾಕಿದ ಲೆಟರ್‌ಹೆಡ್‌ನಲ್ಲಿ ಮತ್ತೆ ಅನುಭವ ಪತ್ರ ಬರೆಸಿದೆ. ಸೇರಿದ ದಿನ, ಬಿಟ್ಟ ದಿನ, ವಾರ್ಡ್, ಬೆಡ್ ಸಂಖ್ಯೆ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಎಲ್ಲವನ್ನೂ. ಮತ್ತೆ ಫೀಸ್ ಕಟ್ಟಿದೆ. ಅದರಲ್ಲೇ ನಾಲ್ಕು ತಿಂಗಳು ಹೋಯಿತು.

ಆದ್ದರಿಂದ ನೀವು ನಾಳೆ ಡ್ಯೂಟಿಗೆ ಹೋದಾಗ ಮಾಡಬೇಕಾದ ಮೊದಲ ಕೆಲಸ ಇದು. ನಿಮ್ಮ ನರ್ಸಿಂಗ್ ಹೋಮ್‌ನ ಇಮೇಲ್‌ಗೆ ಒಂದು ಮೇಲ್ ಕಳಿಸಿ, ಯಾರಾದರೂ ಓದುತ್ತಾರಾ ನೋಡಿ. ಕೊಪ್ಪಳದ ಕಡೆಯದನ್ನೂ ಹಾಗೇ ಮಾಡಿ.

ಏಜೆಂಟ್ ವಿಷಯ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಲೈಸೆನ್ಸ್ ಇರುವ ಏಜೆಂಟ್‌ಗಳ ಪಟ್ಟಿ ಇದೆ. ನಿಮ್ಮ ಏಜೆಂಟ್ ಹೆಸರು, ಲೈಸೆನ್ಸ್ ನಂಬರ್ ಅದರಲ್ಲಿ ಇದೆಯಾ ನೋಡಿ. ಲೈಸೆನ್ಸ್ ಇದ್ದವರೂ ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದದ್ದು ಗರಿಷ್ಠ 30 ಸಾವಿರ ಮತ್ತು ಅದರ ಮೇಲೆ ಜಿಎಸ್‌ಟಿ. ಆರು ಲಕ್ಷ ಎಲ್ಲಿ, ಇದೆಲ್ಲಿ! ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರ ಏಪ್ರಿಲ್ 30ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರದೇಶದ ಕೆಲಸಕ್ಕೆ ನಮ್ಮ ಸರ್ಕಾರದ ಅನುಮತಿ ಕಡ್ಡಾಯ. ಈ ನಿಯಮ ಸುಮ್ನೆ ಬಂದಿಲ್ಲ. ಆ ವರ್ಷವೇ ಕೇರಳದಲ್ಲಿ ಕುವೈತ್ ಕೆಲಸಕ್ಕೆ ಒಬ್ಬೊಬ್ಬ ನರ್ಸ್‌ನಿಂದ 19.5 ಲಕ್ಷದವರೆಗೆ ಕಿತ್ತಿದ್ದರು ಅಂತ ಸಿಬಿಐ ಕೇಸ್ ಹಾಕಿತ್ತು. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ ಮೇಲೆ ಬದಲಾಯಿಸೋಣ ಅಂತ ಯಾರೇ ಹೇಳಿದರೂ ಒಪ್ಪಬೇಡಿ. ನಮ್ಮ ರಾಜ್ಯ ಸರ್ಕಾರದ ಕೌಶಲ್ಯ ಅಭಿವೃದ್ಧಿ ನಿಗಮವೂ ಹೊರದೇಶದ ಕೆಲಸಕ್ಕೆ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ನಡೆಸುತ್ತದೆ. ಮೊದಲು ಅಲ್ಲಿ ವಿಚಾರಿಸಿ.

ಬಳ್ಳಾರಿಯಿಂದ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು

ನನ್ನ ಹಳೆಯ ವಿದ್ಯಾರ್ಥಿನಿಯರು ಬಂದು ಅಳುವುದು ಹೆಸರಿನ ವಿಷಯಕ್ಕೆ. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್. ಜಿಎನ್‌ಎಂ ಕಾರ್ಡ್‌ನಲ್ಲಿ ಹೆಸರಿನ ಹಿಂದೆ ಎರಡು. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಮದುವೆ ಆದ ಮೇಲೆ ಗಂಡನ ಹೆಸರು. ನಮ್ಮ ಕಡೆ ಅಡ್ಡಹೆಸರು ಇದ್ದರೂ ಶಾಲೆಯಲ್ಲಿ ಬರೆಸಿರುವುದಿಲ್ಲ. ಹೊರದೇಶದವರಿಗೆ ಇವರೆಲ್ಲ ನಾಲ್ಕು ಬೇರೆ ಬೇರೆ ಹೆಂಗಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡಬೇಡಮ್ಮ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲೇ ಹೇಳಿದೆ. ಇನಿಷಿಯಲ್ ಬದಲು ಪೂರ್ತಿ ಹೆಸರು ಬರೆಸಿ, ಎಲ್ಲಾ ಕಾಗದದಲ್ಲೂ ಒಂದೇ ರೀತಿ ಮಾಡಿಸು. ಅದು ಆಗದಿದ್ದರೆ ಎರಡೂ ಹೆಸರು ನನ್ನದೇ ಅಂತ ಅಫಿಡವಿಟ್ ಮಾಡಿಸಿ ಇಟ್ಟುಕೋ.

ಕರ್ನಾಟಕ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ರಿನ್ಯೂ ಆಗಿದೆಯಾ ನೋಡು. ಯಾವ ದೇಶಕ್ಕಾದರೂ ನಿನ್ನ ರಿಜಿಸ್ಟ್ರೇಷನ್ ಸರಿ ಇದೆ ಅಂತ ಕೌನ್ಸಿಲ್ ಖಾತ್ರಿ ಕೊಡಬೇಕಾಗುತ್ತದೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾವ ಏಜೆಂಟ್ ಕೈಗೂ ಇಟ್ಟುಕೊಳ್ಳಲು ಕೊಡಬೇಡ. ಅಟೆಸ್ಟೇಷನ್‌ಗೆ, ಅಂದರೆ ದಾಖಲೆ ಅಸಲಿ ಅಂತ ಮುದ್ರೆ ಹಾಕಿಸಲು ಕೊಟ್ಟರೆ ರಸೀದಿ ತೆಗೆದುಕೊಂಡು, ಮುಗಿದ ಕೂಡಲೇ ವಾಪಸ್ ತರಬೇಕು. ಯುಎಇ, ಕುವೈತ್, ಕತಾರ್‌ಗೆ ಅವರ ರಾಯಭಾರ ಕಚೇರಿಯ ಮುದ್ರೆ ಬೇಕು. ಅಪಾಸ್ಟಿಲ್ ಒಪ್ಪುವ ದೇಶಗಳಿಗೆ ನಮ್ಮ ವಿದೇಶಾಂಗ ಇಲಾಖೆ ಹಾಕುವ ಅಪಾಸ್ಟಿಲ್ ಮುದ್ರೆ ಸಾಕು. ಸೌದಿ ಕೂಡ ಈಗ ಅದನ್ನು ಒಪ್ಪುತ್ತದೆ.

ಹಾಗೇ ಇನ್ನೊಂದು. 371ಜೆ ಪ್ರಮಾಣಪತ್ರ ಮಾಡಿಸಿದ್ದೀಯಾ? ಸ್ಟಾಫ್ ನರ್ಸ್ ನೇಮಕ ಕರೆದಾಗ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಅದರಲ್ಲಿ ಮೀಸಲು ಇದೆ. ವಿದೇಶದ ತಯಾರಿ ನಡೆಯುತ್ತಿರಲಿ, ಈ ಬಾಗಿಲು ಮುಚ್ಚಬೇಡ.

ಸಿರುಗುಪ್ಪದ ಹುಡುಗ, ಜರ್ಮನಿಯಲ್ಲಿ

ಜಿಎನ್‌ಎಂ ಆದವರಿಗೆ ಜರ್ಮನಿಯೂ ಇದೆ ಅಕ್ಕ. ಐಇಎಲ್‌ಟಿಎಸ್ ಬೇಡ, ಬದಲಿಗೆ ಜರ್ಮನ್ ಭಾಷೆ ಬೇಕು. ಲೈಸೆನ್ಸ್‌ಗೆ ಬಿ2 ಅನ್ನುವ ಮಟ್ಟದ ಜರ್ಮನ್. ನಾನು ಬೆಂಗಳೂರಿನಲ್ಲಿ ಪಿಜಿ ಹಿಡಿದು ವರ್ಷಕ್ಕಿಂತ ಜಾಸ್ತಿ ಕಲಿತೆ. ಮೊದಲ ಮೂರು ತಿಂಗಳು ಕಣ್ಣಲ್ಲಿ ನೀರು ಬಂದಿದೆ. ನಮ್ಮ ಓದಿನಲ್ಲಿ ಏನು ಕಡಿಮೆ ಇದೆ ಅಂತ ಅವರು ಪತ್ರ ಕೊಡುತ್ತಾರೆ. ಅದನ್ನು ತುಂಬಲು ಅಲ್ಲಿ ಆಸ್ಪತ್ರೆಯಲ್ಲೇ ತರಬೇತಿ ಅಥವಾ ಒಂದು ಪರೀಕ್ಷೆ. ಅಲ್ಲಿವರೆಗೆ ನರ್ಸ್ ಅಲ್ಲ, ಸಹಾಯಕರ ಸಂಬಳ. ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ, ಅದಕ್ಕೆ ನಿಮಗೆ ಹೇಳುತ್ತಿದ್ದೇನೆ.

ಮಾನ್ವಿಯಿಂದ

ಅಮೆರಿಕಾ ಬಗ್ಗೆ ಒಂದೇ ಮಾತು. ಅಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬೆಂಗಳೂರಿನಲ್ಲೇ ಬರೆದು ಪಾಸಾಗಿದ್ದೇನೆ. 200 ಡಾಲರ್ ಫೀಸ್, ಹೊರದೇಶದಲ್ಲಿ ಬರೆಯುವುದಕ್ಕೆ ಇನ್ನೊಂದು 150. ಆದರೆ ಭಾರತದವರಿಗೆ ಗ್ರೀನ್ ಕಾರ್ಡ್ ಸರದಿ ಹತ್ತು ವರ್ಷಕ್ಕೂ ಉದ್ದ ಇದೆ. ಅದನ್ನೇ ನಂಬಿ ಕೂರಬೇಡಿ. ಎನ್‌ಕ್ಲೆಕ್ಸ್ ಕೆನಡಾ, ಆಸ್ಟ್ರೇಲಿಯಾಕ್ಕೂ ನಡೆಯುತ್ತದೆ, ಆದರೆ ಆಸ್ಟ್ರೇಲಿಯಾದವರು ಡಿಗ್ರಿ ಕೇಳುತ್ತಾರೆ. ಆ ಕಡೆ ಮನಸ್ಸಿದ್ದರೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಳ್ಳಿ.

ಗಂಗಾವತಿಯಿಂದ ಮತ್ತೆ

ಎಲ್ಲರ ಕಾಲಿಗೂ ಬೀಳಬೇಕು ಅನಿಸಿತು. ಅಪ್ಪನಿಗೆ ಓದಿ ಹೇಳಿದೆ. ಗದ್ದೆ ಪತ್ರ ಮತ್ತೆ ಟ್ರಂಕ್‌ಗೆ ಹೋಯಿತು. ಏಜೆಂಟ್‌ಗೆ ಯಾವ ವೀಸಾ, ಲೈಸೆನ್ಸ್ ನಂಬರ್ ಎಷ್ಟು ಅಂತ ಕೇಳಿದೆ. ಆಫೀಸಿಗೆ ಬನ್ನಿ ಮಾತಾಡೋಣ ಅಂದರು, ನಂಬರ್ ಕೊಡಲಿಲ್ಲ. ಇ-ಮೈಗ್ರೇಟ್‌ನಲ್ಲೂ ಅವರ ಹೆಸರು ಇಲ್ಲ.

ನರ್ಸಿಂಗ್ ಹೋಮ್ ಇಮೇಲ್‌ಗೆ ಮೇಲ್ ಹಾಕಿದೆ, ಅರ್ಧ ಗಂಟೆಯಲ್ಲಿ ಉತ್ತರ ಬಂತು. ಕೊಪ್ಪಳದ್ದು ವಾಪಸ್ ಬಂತು, ಆ ವಿಳಾಸವೇ ಇಲ್ಲವಂತೆ. ಗುರುವಾರ ವೀಕ್ಲಿ ಆಫ್, ಅವತ್ತು ಹೋಗಿ ಬರುತ್ತೇನೆ. ಒಇಟಿಗೆ ಓದಬೇಕು ಅಂತ ತೀರ್ಮಾನ ಮಾಡಿದ್ದೇನೆ. ಇಂಗ್ಲೆಂಡ್ ಅಕ್ಕ, ನಾನು ವಾರಕ್ಕೆ ಎರಡು ಪತ್ರ ಬರೆದು ಫೋಟೊ ಕಳಿಸಿದರೆ ತಪ್ಪು ತಿದ್ದಿ ಕೊಡ್ತೀರಾ?

ರಾಯಚೂರಿನವಳು, ಇಂಗ್ಲೆಂಡ್‌ನಿಂದ

ಕಳಿಸು ತಂಗಿ. ಭಾನುವಾರ ನನಗೆ ರಜೆ. ಮೊದಲನೇ ಪತ್ರ ಎದೆನೋವು ಅಂತ ಬಂದ ಪೇಷಂಟ್‌ದೇ ಬರೆ, 180ರಿಂದ 200 ಪದದ ಒಳಗೆ.