ಟ್ರಂಕಿನ ಬೀಗದ ಕೈ ನನ್ನ ಹತ್ತಿರ ಇತ್ತು

ಅಕ್ಕ, ಸ್ತೋತ್ರ. ನಿಮ್ಮ ಮೆಸೇಜ್ ಓದಿದೆ. ಟೈಪ್ ಮಾಡುತ್ತ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಬೇಜಾರು ಮಾಡ್ಕೋಬೇಡಿ.

ದೀಪಾವಳಿ ರಜೆಗೆ ಮಾಥೇರಾನ್ ಬೆಟ್ಟದಲ್ಲಿ ನಮ್ಮ ಚರ್ಚಿನ ಯೌವನಸ್ಥರ ಕ್ಯಾಂಪ್, ಮೂರು ದಿನ ಫೋನ್ ತೆಗೆದಿಡುತ್ತಾರಂತೆ, ಮಗನಿಗೆ ಏನಾದರೂ ಆದರೆ ನಮಗೆ ಹೇಗೆ ಗೊತ್ತಾಗಬೇಕು, ಕಳಿಸಲೋ ಬೇಡವೋ ಅಂತ ಕೇಳಿದ್ದೀರಿ. ಹೋದ ವರ್ಷ ಅಡುಗೆಗೆ ಅಂತ ನಾನೂ ಹೋಗಿದ್ದೆ. ಫೋನ್ ಇಟ್ಟಿದ್ದ ಟ್ರಂಕಿನ ಬೀಗದ ಕೈ ನನ್ನ ಸೆರಗಿನಲ್ಲೇ ಇತ್ತು. ಹಾಗಾಗಿ ಒಳಗಿನ ಕಥೆ ಎಲ್ಲ ಗೊತ್ತು.

ಬೆಟ್ಟದ ಬುಡದ ನೇರಳ್‌ನಲ್ಲಿ ಲೋಕಲ್ ರೈಲು ಇಳಿದು, ದಸ್ತೂರಿವರೆಗೆ ಟ್ಯಾಕ್ಸಿ. ಅಲ್ಲಿಂದ ಮೇಲೆ ಕಾರು ಬಿಡುವುದಿಲ್ಲವಲ್ಲ. 1907ರಲ್ಲಿ ಶುರುವಾದ ಆ ಪುಟಾಣಿ ರೈಲು, ಇಲ್ಲ ಕುದುರೆ, ಇಲ್ಲ ನಮ್ಮ ಕಾಲು. 'ಕಾರನ್ನೇ ಬಿಟ್ಟು ಬಂದಿದ್ದೇವೆ, ಫೋನ್ ಯಾವ ಮಹಾ' ಅಂತ ಪಾಸ್ಟರ್ ನಗಿಸುತ್ತಲೇ ದಿಂಬಿನ ಕವರ್ ಮುಂದೆ ಹಿಡಿದರು. ಮಕ್ಕಳು ಹೆಸರಿನ ಚೀಟಿಗೆ ರಬ್ಬರ್ ಬ್ಯಾಂಡ್ ಹಾಕಿ ಒಂದೊಂದೇ ಬಿಟ್ಟರು. ಒಬ್ಬ ಕೆಟ್ಟುಹೋದ ಹಳೇ ಫೋನ್ ಹಾಕಿ, ಒಳ್ಳೇದನ್ನು ಸಾಕ್ಸ್‌ನಲ್ಲಿ ಮುಚ್ಚಿಟ್ಟಿದ್ದ. ಹೆಸರು ಹೇಳೋದಿಲ್ಲ, ಅವರಮ್ಮ ಈ ಗ್ರೂಪ್‌ನಲ್ಲೇ ಇದ್ದಾರೆ.

ಸ್ವಿಚ್ ಆಫ್ ಮಾಡಿ ಅಂದರೂ ಅರ್ಧ ಜನ ಮಾಡಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಟ್ರಂಕಿನೊಳಗೆ ಅಲಾರಂ ಶುರು! ಒಂದರಲ್ಲಿ ಕೋಳಿ, ಇನ್ನೊಂದರಲ್ಲಿ ಗಿಟಾರ್, ಮತ್ತೊಂದು ಸುಮ್ನೆ ಗುರ್ ಅಂತ ತಗಡಿಗೆ ಹೊಡೆದುಕೊಳ್ಳುತ್ತಿತ್ತು. ಬೀಗ ತೆಗೆದು ಆರಿಸುತ್ತ ಕೂತಾಗ ನೋಡಿದೆ, ಸ್ಕ್ರೀನ್ ತುಂಬ ಮಿಸ್ಡ್ ಕಾಲ್. ಮಮ್ಮಿ, ಮಮ್ಮಿ, ಪಪ್ಪಾ, ಮಮ್ಮಿ. ನನ್ನ ಮಗಳ ಫೋನಿಗೆ ನಮ್ಮ ಅತ್ತೆಯವರದ್ದೇ ಆರು. ನಾನು ಅವಳ ಜೊತೆಯಲ್ಲೇ ಇದ್ದೇನೆ ಅಂತ ಗೊತ್ತಿದ್ದೂ!

ಮಕ್ಕಳ ಪೇಚಾಟ ಬೇರೆಯೇ ಇತ್ತು. ಬೈಬಲ್ ಸ್ಟಡಿಯಲ್ಲಿ 'ಹಬಕ್ಕೂಕ ತೆಗೆಯಿರಿ' ಅಂದರು. ಆ್ಯಪ್‌ನಲ್ಲಿ ಒತ್ತಿದರೆ ಬಂದುಬಿಡುತ್ತೆ, ಅಲ್ವಾ? ಈಗ ಕೈಯಲ್ಲಿ ದಪ್ಪ ಪುಸ್ತಕ. 66 ಪುಸ್ತಕಗಳಲ್ಲಿ ಎಲ್ಲಿ ಅಂತ ಹುಡುಕಬೇಕು? ಅದು ಇರೋದು ಹಳೇ ಒಡಂಬಡಿಕೆಯಲ್ಲಿ, ಕೆಲವರು ಹೊಸ ಒಡಂಬಡಿಕೆಯಲ್ಲಿ ಹುಡುಕುತ್ತಿದ್ದರು. ಅದರ ಮೇಲೆ ಕನ್ನಡ ಅಕ್ಷರ. ನಮ್ಮ ಮುಂಬೈ ಮಕ್ಕಳು ಮನೆಯಲ್ಲಿ ಮಾತಾಡುತ್ತವೆ, ಓದೋಕೆ ಇಂಗ್ಲಿಷ್, ಮರಾಠಿ. ಒಬ್ಬ ಹುಡುಗಿ ನನ್ನ ಹಳೇ ಬೈಬಲ್ ಹಿಡಿದು ಅಡುಗೆಮನೆಗೇ ಬಂದಳು. 'ಆಂಟಿ, ಇದು ಯಾವ ಒತ್ತು?' ನನ್ನ ಕೈಯೆಲ್ಲ ಹಿಟ್ಟು, ಮೊಣಕೈಯಲ್ಲೇ ತೋರಿಸಿ ಹೇಳಿದೆ. ಅವಳು ಸಾಲಿನ ಮೇಲೆ ಪೆನ್ಸಿಲ್‌ನಲ್ಲಿ ಮರಾಠಿ ಅಕ್ಷರ ಬರೆದುಕೊಂಡಳು. ಮಾರ್ಕನ ಸುವಾರ್ತೆ 6ನೇ ಅಧ್ಯಾಯ, ಶಿಷ್ಯರಿಗೆ ಊಟಕ್ಕೂ ಪುರಸೊತ್ತಿಲ್ಲದಾಗ ಯೇಸು ಅವರನ್ನು ಬೇರೆ ಕಡೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಕರೆದ ಭಾಗ. ಮೂರನೇ ದಿನ ಎಲ್ಲರೆದುರು ತಡವರಿಸುತ್ತ ಓದಿದಳು. ಆ ಪೆನ್ಸಿಲ್ ಗುರುತು ಇನ್ನೂ ಇದೆ, ನಾನು ಅಳಿಸಿಲ್ಲ.

ಎಲ್ಲ ಚೆನ್ನಾಗಿತ್ತು ಅಂತ ಹೇಳೋದಿಲ್ಲ. ಒಬ್ಬಳ ಅಪ್ಪ ಹಡಗಿನಲ್ಲಿ ಕೆಲಸ. ಸಿಗ್ನಲ್ ಸಿಕ್ಕಾಗಷ್ಟೇ ಫೋನ್ ಮಾಡುತ್ತಾರೆ, ಅದು ಆ ಎರಡನೇ ದಿನವೇ ಬಂತು. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಅಂದರು ಲೀಡರ್. ನಾನು ಜಗಳವಾಡಿಯೇ ಹತ್ತು ನಿಮಿಷ ಕೊಡಿಸಿದೆ. ನನಗೆ ಈಗಲೂ ಆ ಮಾತು ಸರಿ ಕಾಣುವುದಿಲ್ಲ. ಅಂಥ ವಿಷಯ ಏನಾದರೂ ಇದ್ದರೆ ಮೊದಲೇ ಹೇಳಿಬಿಡಿ, ಅಕ್ಕ. ಇಬ್ಬರು ಲೀಡರ್‌ಗಳ ನಂಬರ್ ತಗೊಳ್ಳಿ, ದಿನಾ ರಾತ್ರಿ ಗ್ರೂಪ್‌ಗೆ ಒಂದು ಮೆಸೇಜ್ ಹಾಕಿ ಅಂತ ಕೇಳಿ. ಅವನ ಉಬ್ಬಸದ ಪಂಪ್ ಅವನ ಜೇಬಿನಲ್ಲೇ ಇರಲಿ, ಬೇರೆಯವರ ಕೈಗೆ ಕೊಡೋದು ಬೇಡ. ಅಷ್ಟು ಮಾಡಿ ಕಳಿಸಿ.

ಆಮೇಲೆ ಅವನಿಗೊಂದು ವಾಚ್ ಕಟ್ಟಿ. ಹೋದ ವರ್ಷ ಒಬ್ಬರ ಕೈಯಲ್ಲೂ ಇರಲಿಲ್ಲ. ಟೈಮ್ ಎಷ್ಟು ಅಂತ ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು, ಅದೂ ಚಪಾತಿ ಲಟ್ಟಿಸುವ ಹೊತ್ತಿಗೆ. ಅಯ್ಯೋ, ಮೂರು ಕೂಗಾಯ್ತು. ಇಡ್ತೀನಿ ಅಕ್ಕ.